ನೆಲಕ್ಕೆ ಕೆನ್ನೆ ಹಚ್ಚಿದ ಪಂಚ

ಮಲಕಪ್ಪ ಕಾಕಾ ಟೀವಿಯ ಕುಸ್ತಿಯನ್ನು ಖುಷಿಪಟ್ಟು ನೋಡಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ನೋಡುವ ಕೆಲಸ ಒಪ್ಪಿಕೊಂಡಿದ್ದ, ನೋಡುತ್ತಿದ್ದ, ಅಷ್ಟೆ. ಆ ಕೆಲಸ ಹಚ್ಚಿದವಳು ನಾನೇ. ಅದಕ್ಕಾಗಿ ಎಷ್ಟೋ ಸಲ ನನ್ನನ್ನು ನಾನೇ ಬೈದುಕೊಂಡಿದ್ದೇನೆ.

ದಾಂಡೇಲಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ವಿಡಿಯೊ ಲೈಬ್ರರಿ ಇತ್ತು. ಗಂಡ ಮೌನೇಶ ಕಾಗದದ ಮಿಲ್ಲಿನಲ್ಲಿ ಪಾಳಿ ಮಾಡುತ್ತಿದ್ದ, ಅಂಗಡಿ ನನ್ನ ಪಾಲಿಗೆ ಬಂದಿತ್ತು. ೧೯೯೯ರ ಹೊತ್ತಿಗೆ ಮನೆಮನೆಗೆ ಕೇಬಲ್ ಬಂದು ಕ್ಯಾಸೆಟ್ಟು ಕೇಳುವವರೇ ಕಡಿಮೆಯಾಗಿದ್ದರು. ದಿನವಿಡೀ ನೊಣ ಹೊಡೆಯುತ್ತ ಕೂತು ಬೆನ್ನು ಹಿಡಿದುಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಜೋಯಿಡಾ ಕಡೆಯವನೊಬ್ಬ, ಹಡಗಿನ ಕೆಲಸ ಬಿಟ್ಟು ಬಂದವನು, ಎರಡು ಪೆಟ್ಟಿಗೆ ಹಳೇ ಕ್ಯಾಸೆಟ್ಟುಗಳನ್ನು ನನ್ನ ತಲೆಗೆ ಕಟ್ಟಿ ಹೋದ. ಎಲ್ಲವೂ ಪರದೇಶದ ಟೀವಿ ಕುಸ್ತಿ. ಹದಿನೈದು ವರ್ಷದ ಹಿಂದೆ ಯಾರೋ ಟೀವಿಯಿಂದ ಇಳಿಸಿಕೊಂಡದ್ದು. ಚೀಟಿಗಳನ್ನೆಲ್ಲ ಸಮುದ್ರದ ತೇವ ತಿಂದುಹಾಕಿತ್ತು. "ಇದರಾಗ ಯಾರ ಕುಸ್ತಿ ಐತ್ರಿ?" ಎಂದು ಗಿರಾಕಿ ಕೇಳಿದರೆ ನಾನೇನು ಹೇಳಲಿ? ನನಗೆ ಆ ಚಡ್ಡಿ ಹಾಕಿದ ಗಂಡಸರೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದರು.

ಹಾಗಾಗಿ ಮಲಕಪ್ಪ ಕಾಕಾನನ್ನು ಕರೆದೆ. ನಮ್ಮ ಚಾಳಿನಲ್ಲಿಯೇ, ಎರಡು ಮನೆ ಆಚೆ ಇದ್ದ. ಧಾರವಾಡ ಕಡೆಯಿಂದ ಬಂದು ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಪ್ರಾಯದಲ್ಲಿ ಪೈಲ್ವಾನ. ಆಮೇಲೆ ಹಳಿಯಾಳದ ಕುಸ್ತಿ ಕಣದಲ್ಲಿ ಪಂಚ, ಅಂದರೆ ಕಣದೊಳಗೆ ನಿಂತು ಯಾರ ಬೆನ್ನು ಎರಡೂ ಭುಜ ಸಮೇತ ನೆಲಕ್ಕೆ ಹತ್ತಿತು, ಯಾರು ಗೆದ್ದರು ಎಂದು ತೀರ್ಪು ಹೇಳುವವನು. ಈಗ ಮೊಣಕಾಲು ಸೋತಿದ್ದವು, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಮನೆಯಲ್ಲಿ ಸುಮ್ಮನೆ ಕೂತು ಹೆಂಡತಿ ಮಾಲವ್ವನ ತಲೆ ತಿನ್ನುತ್ತಿದ್ದ.

ಮಧ್ಯಾಹ್ನ ಊಟವಾದ ಮೇಲೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ನಾನು ಕ್ಯಾಸೆಟ್ಟು ಹಾಕುತ್ತಿದ್ದೆ. ಅವನು ನೋಡಿ ಹೇಳಿದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸುತ್ತಿದ್ದೆ. ನನಗೆ ಬೇಕಿದ್ದದ್ದು "ಭಯಂಕರ ಹೊಡೆದಾಟ, ರಕ್ತಪಾತ" ಎಂಬಂಥ ಮಾತು. ಅವನು ಹೇಳುತ್ತಿದ್ದದ್ದೇ ಬೇರೆ. ಕೆಲವು ಚೀಟಿ ಇನ್ನೂ ನನ್ನ ಹತ್ತಿರ ಇವೆ.

"ಟೇಪು ೪. ಹಸಿರು ಚಡ್ಡಿಯವನು ಎರಡು ಸಲ ಅಂಗಾತ ಬಿದ್ದು ಚಿತ್ ಆದ. ಪಂಚ ಆ ಕಡೆ ಮುಖ ಮಾಡಿ ನಿಂತಿದ್ದ. ಕುರ್ಚಿಯಿಂದ ಹೊಡೆದರು. ಕುರ್ಚಿ ಗಟ್ಟಿ ಇರಲಿಲ್ಲ."

"ಟೇಪು ೯. ಪಂಚ ಹೇಳುವ ಮೊದಲೇ ಕೆಳಗಿದ್ದವನು ಎದ್ದ. ಶಿಸ್ತು ಇಲ್ಲ."

"ಟೇಪು ೧೧. ಪಂಚ ನೆಲಕ್ಕೆ ಬಿದ್ದು ನೋಡಿದ. ಹೊಟ್ಟೆ ದೊಡ್ಡದು, ಆದರೂ ಬಿದ್ದ. ಒಳ್ಳೆಯ ಮನುಷ್ಯ."

ಇಂಥ ಚೀಟಿ ನೋಡಿ ಯಾವ ಗಿರಾಕಿ ಕ್ಯಾಸೆಟ್ಟು ಒಯ್ಯುತ್ತಾನೆ? ಆದರೆ ಒಯ್ದರು! ಮಿಲ್ಲಿನ ಹುಡುಗರು ಚೀಟಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕು, "ಕಾಕಾ ಹೇಳಿದ್ದು ಖರೇನೋ ಏನೋ ನೋಡೂಣು ತಡಿ" ಎಂದು ಒಯ್ಯುತ್ತಿದ್ದರು. ಕಾಕಾ ಕುಸ್ತಿಯವರನ್ನು ಬಿಟ್ಟು ಪಂಚನನ್ನೇ ನೋಡುತ್ತಾನೆ ಎನ್ನುವುದು ನನಗೆ ಹತ್ತನೇ ಟೇಪಿನ ಹೊತ್ತಿಗೆ ಗೊತ್ತಾಗಿತ್ತು. ಒಬ್ಬರನ್ನೊಬ್ಬರು ಎತ್ತಿ ಒಗೆದರೂ, ಕೂದಲು ಹಿಡಿದು ಎಳೆದಾಡಿದರೂ ಇವನ ಕಣ್ಣು ಆ ಪಟ್ಟೆ ಅಂಗಿಯ ಮನುಷ್ಯನ ಮೇಲೆಯೇ. ಆ ಮನುಷ್ಯ ಧೊಪ್ಪಂತ ಹೊಟ್ಟೆಯ ಮೇಲೆ ಬಿದ್ದು, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಬೆನ್ನು ಹತ್ತಿತೋ ಇಲ್ಲವೋ ಎಂದು ಇಣುಕಿ ಕೈ ಬಡಿದು ಎಣಿಸುವಾಗ ಕಾಕಾನ ಕೈಯಲ್ಲಿದ್ದ ಚಹಾ ಆರಿಹೋಗುತ್ತಿತ್ತು.

"ಕಾಕಾ, ಇದೆಲ್ಲಾ ಸುಳ್ಳು ಕುಸ್ತಿ ಅಂತಲ್ಲ?" ಎಂದು ಒಮ್ಮೆ ಕೇಳಿದೆ.

"ಕುಸ್ತಿ ಸುಳ್ಳು, ತೀರ್ಪು ಸುಳ್ಳು. ಯಾರು ಗೆಲ್ಲಬೇಕು ಅಂಬೂದು ಮೊದಲ ಮಾತಾಗಿರ್ತದ."

"ಮತ್ತ ಆ ಪಂಚ?"

"ಅವನೂ ಸುಳ್ಳನ. ಆದ್ರ ನೆಲಕ್ಕ ಬಿದ್ದು ನೋಡ್ತಾನಲ್ಲವಾ, ಅದು ಖರೆ ಕೆಲಸ" ಎಂದು ದೊಡ್ಡದಾಗಿ ನಿಟ್ಟುಸಿರು ಬಿಟ್ಟ.

ಹತ್ತೊಂಬತ್ತನೇ ಟೇಪು ಹಾಕಿದ್ದು ಡಿಸೆಂಬರಿನಲ್ಲಿ. ಒಬ್ಬ ದಢಿಯ ಇನ್ನೊಬ್ಬನನ್ನು ಕೆಡವಿ ಮೇಲೆ ಬಿದ್ದಿದ್ದ. ಕೆಳಗಿದ್ದವನ ಬೆನ್ನು ನೆಲಕ್ಕೆ ಹತ್ತಿದ್ದು ನನಗೂ ಕಂಡಿತು. ಪಂಚ ಆಚೆ ಮಗ್ಗುಲಿಗೆ ಬಿದ್ದು ಇಣುಕಿ "ಇಲ್ಲ" ಎಂದು ಕೈ ಆಡಿಸಿದ. ಜನ ಬೊಬ್ಬೆ ಹೊಡೆದರು. ಟೀವಿಯವರು ಅದನ್ನೇ ಮತ್ತೆ ತೋರಿಸಿದರು, ನಿಧಾನವಾಗಿ, ಪಂಚ ಬಿದ್ದಿದ್ದ ಕಡೆಯಿಂದ. ನೋಡಿದರೆ ಆ ಕಡೆಯ ಭುಜ ನಾಲ್ಕು ಬೆರಳು ಮೇಲೆಯೇ ಇದೆ!

"ಹಿಂದಕ್ಕ ಓಡ್ಸು" ಎಂದ ಕಾಕಾ. ಓಡಿಸಿದೆ. "ಮತ್ತೊಮ್ಮೆ." ಮತ್ತೆ ಓಡಿಸಿದೆ. ಎಂಟೊಂಬತ್ತು ಸಲ ಆದ ಮೇಲೆ ನನಗೆ ಸಿಟ್ಟು ಬಂತು. "ಟೇಪು ಹರೀತದ ಕಾಕಾ, ಸಾಕು" ಎಂದೆ.  ಅವನು ಚಹಾ ಮುಟ್ಟದೆ ಗೋಡೆ ಹಿಡಿದುಕೊಂಡು ಎದ್ದು ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಮೂರನೇ ದಿನ ಬಂದವಳು ಮಾಲವ್ವ. "ಏನ ತೋರಿಸಿದ್ಯವಾ ರೂಪಾಲಿ ಅವರಿಗೆ? ಒಂದು ತುತ್ತು ಉಣವಲ್ರು. ಗ್ವಾಡಿಗೆ ಮುಖಾ ಮಾಡಿ ಮಲಗ್ಯಾರ" ಎಂದಳು. ನಾನು ಟೇಪಿನ ಸಂಗತಿ ಹೇಳಿದೆ. ಕೇಳಿದವಳೇ ಸ್ಟೂಲಿನ ಮೇಲೆ ಕೂತಳು. ಆಮೇಲೆ ಅವಳೇ ಎಲ್ಲ ಹೇಳಿದಳು.

೧೯೭೯ರ ಫೆಬ್ರುವರಿ. ಹಳಿಯಾಳದ ಕಣದಲ್ಲಿ ಕೊನೆಯ ಜೋಡಿ. ಒಬ್ಬ ಬೆಳಗಾವಿ ಕಡೆಯ ಹೆಸರುವಾಸಿ ಪೈಲ್ವಾನ, ಇನ್ನೊಬ್ಬ ಮುಂಡಗೋಡ ಕಡೆಯ ತಾಂಡಾದ ಭೀಮಸಿಂಗ್, ಮೂವತ್ತೂ ತುಂಬದವನು. ಗೆದ್ದರೆ ಬೆಳ್ಳಿ ಕಡಗ. ಅದಕ್ಕಿಂತ ಹೆಚ್ಚಾಗಿ, ಹುಬ್ಬಳ್ಳಿಯ ಒಂದು ತಾಲೀಮಿನವರು, ಅಂದರೆ ಗರಡಿಮನೆಯವರು, ಗೆದ್ದವನನ್ನು ಊಟ ಹಾಕಿ ಸಾಕುತ್ತೇವೆ ಎಂದಿದ್ದರು. ಭೀಮಸಿಂಗ್ ಕೆಳಗೆ ಬಿದ್ದ. ಜನ ಎದ್ದು ನಿಂತರು. ಬೆನ್ನು ಹತ್ತಿತೋ ಇಲ್ಲವೋ ಎಂಬ ಅನುಮಾನ ಬಂದರೆ ಪಂಚ ಮಣ್ಣಿನಲ್ಲಿ ಮಲಗಿ ಎರಡೂ ಮಗ್ಗುಲು ನೋಡಬೇಕು, ಅದು ಕಣದ ಪದ್ಧತಿ. ಮಲಕಪ್ಪ ಕಾಕಾ ಮಲಗಲಿಲ್ಲ. ನಿಂತಲ್ಲಿಂದಲೇ ಸ್ವಲ್ಪ ಬಾಗಿ ನೋಡಿ ಬೆಳಗಾವಿಯವನ ಕಡೆ ಕೈ ಎತ್ತಿದ.

"ಯಾಕ ಮಲಗಲಿಲ್ಲ?" ಎಂದೆ.

"ಧೋತರ" ಎಂದಳು ಮಾಲವ್ವ. "ಮರುದಿನ ನನ್ನ ತಮ್ಮನ ಲಗ್ನ ಇತ್ತು. ಛಲೋ ಧೋತರ ಅಂಬೂದು ಮನ್ಯಾಗ ಒಂದ ಇತ್ತವಾ. ಪಂಚ ಅಂದ್ರ ಬಿಳೇದ ಉಟಗೊಂಡು ಹೋಗಬೇಕು. ನಾನ ಹೇಳಿ ಕಳಿಸಿದ್ನಿ, ಕೆಮ್ಮಣ್ಣಿನ ಕಲೆ ಹೋಗೂದಿಲ್ಲ, ಹೊಲಸು ಮಾಡಿಕೊಂಡು ಬಂದ್ರ ಲಗ್ನಕ್ಕ ನಾ ಬರೂದಿಲ್ಲ ಅಂತ. ಕಲೆ ಇಲ್ಲದ ಬಂದ್ರು. ಬಂದ್ರಂತ ಖುಷಿಪಟ್ಟಿದ್ನಿ ನಾನು, ನೋಡು."

ಭೀಮಸಿಂಗ್ ಅಂದು ಬಿದ್ದಲ್ಲಿಯೇ ಬಿದ್ದುಕೊಂಡು ಪಂಚನ ಮುಖ ನೋಡಿದನಂತೆ. ಆಮೇಲೆ ಎದ್ದು, ಪಂಚನ ಕಾಲು ಮುಟ್ಟದೆ ಹೊರಟುಹೋದನಂತೆ. ಮತ್ತೆ ಯಾವ ಕಣಕ್ಕೂ ಇಳಿಯಲಿಲ್ಲ. ಸೊಕ್ಕಿನವನು ಎಂದು ಕಾಕಾ ವರ್ಷಗಟ್ಟಲೆ ಆಡಿಕೊಂಡ. ಆಡಿಕೊಳ್ಳುವುದು ಯಾವಾಗ ನಿಂತಿತೋ ಮಾಲವ್ವನಿಗೂ ನೆನಪಿಲ್ಲ.

ಹೊಸ ವರ್ಷ ಬಂದ ಮೇಲೆ ಕಾಕಾ ಅಂಗಡಿಗೆ ಬಂದ. ಟೀವಿಯ ಕಡೆ ತಿರುಗಿಯೂ ನೋಡಲಿಲ್ಲ. "ಮುಂಡಗೋಡಕ್ಕ ಹೋಗಬೇಕವಾ. ಒಬ್ಬಾಂವ ಹೋಗಾಕ ಉಸುರು ಸಾಲೂದಿಲ್ಲ. ನೀ ಬರ್ತಿಯೇನು?" ಎಂದ.

ನನಗೆ ರೇಗಿತು. ಇಪ್ಪತ್ತೊಂದು ವರ್ಷದ ಹಿಂದಿನ ಮಾತು! ಆ ಮನುಷ್ಯ ಇದ್ದಾನೋ ಸತ್ತಿದ್ದಾನೋ. ಇದ್ದರೂ ಇವನನ್ನು ಅಂಗಳದೊಳಗೆ ಬಿಟ್ಟುಕೊಳ್ಳುತ್ತಾನೆಯೇ? "ಟೀವಿಯೊಳಗಿನ ಭುಜ ನೋಡಿ ಅವನ ಭುಜ ಹೆಂಗಿತ್ತು ಅಂತ ನಿನಗ ಹೆಂಗ ಗೊತ್ತಾಕ್ಕೈತಿ ಕಾಕಾ?" ಎಂದೆ.

"ಗೊತ್ತಾಗೂದಿಲ್ಲ. ಅದನ್ನ ಹೇಳಾಕ ಹೊಂಟೇನಿ, ನನಗ ಗೊತ್ತಿಲ್ಲದ ತೀರ್ಪು ಹೇಳಿದ್ನಿ ಅಂತ. ಪಂಚನ ಮಾತು ಹಿಂದಕ್ಕ ತಗೊಳ್ಳೂ ಹಂಗಿಲ್ಲ, ನನಗೂ ಗೊತ್ತದ. ಜಟ್ಟಿ ಬಿದ್ದರೂ ಮೀಸಿ ಮಣ್ಣಾಗಲಿಲ್ಲ ಅಂತ ಆ ಹುಡುಗನ್ನ ಆಡಿಕೊಂಡು ನಕ್ಕಿದ್ನಿ. ಮಣ್ಣಾಗದ್ದು ನನ್ನ ಧೋತರವಾ." ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಏದುಸಿರು ಬಂತು. ಬರುತ್ತೇನೆ ಎಂದೆ.

ಫೆಬ್ರುವರಿಯಲ್ಲಿ ಹೋದೆವು. ಹಳಿಯಾಳದಲ್ಲಿ ಬಸ್ಸು ಬದಲಿಸಿ, ಮುಂಡಗೋಡದ ಸಂತೆಯಲ್ಲಿ ವಿಚಾರಿಸಿ, ಅಲ್ಲಿಂದ ತಾಂಡಾಕ್ಕೆ ಒಂದು ಟೆಂಪೊ ಹತ್ತಿ. ಕಾಕಾ ಬಿಳಿ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿದ್ದ. ಟೆಂಪೊ ಇಳಿದು ನಡೆಯುವಾಗ ಎರಡು ಸಲ ದಾರಿಯಲ್ಲಿ ಕುಳಿತು ಉಸಿರು ತೆಗೆದುಕೊಂಡ. ಬಿಸಿಲು ಸುಡುತ್ತಿತ್ತು. ಅವನು ಕೂತಾಗಲೆಲ್ಲ, ಈ ಮುದುಕನಿಗೆ ಇಲ್ಲೇ ಏನಾದರೂ ಆದರೆ ಮಾಲವ್ವನಿಗೆ ಏನು ಹೇಳಲಿ ಎಂದು ನನಗೆ ಭಯವಾಗುತ್ತಿತ್ತು.

ಭೀಮಸಿಂಗ್ ಅಂಗಳದಲ್ಲಿ ಹುಲ್ಲಿನ ಸಿವುಡು ಕಟ್ಟುತ್ತಿದ್ದ. ಐವತ್ತರ ಆಸುಪಾಸು. ಹೆಗಲು ಮಾತ್ರ ಇನ್ನೂ ಅಗಲ, ಉಳಿದ ಮೈಯನ್ನು ಕೂಲಿ ಒಣಗಿಸಿತ್ತು. ಹೆಂಡತಿ ಚಾಂದಿಬಾಯಿ ನೀರು ತಂದು ಕೊಟ್ಟಳು. ಕಾಕಾ ನೀರು ಕುಡಿಯದೆ ಚೊಂಬು ಹಿಡಿದುಕೊಂಡೇ ಹೆಸರು ಹೇಳಿದ. ಭೀಮಸಿಂಗನ ಕೈ ನಿಂತಿತು.

"ಹಳಿಯಾಳದ ಪಂಚರು" ಎಂದ. ಸಿಟ್ಟು ಕಾಣಲಿಲ್ಲ, ಸಂತೋಷವೂ ಇಲ್ಲ. ದಣಿದ ದನಿ.

"ಹೌದಪಾ. ಅವತ್ತ ನಾ ಮಲಗಿ ನೋಡಲಿಲ್ಲ. ಒಂದ ಮಗ್ಗಲ ನೋಡಿ ಕೈ ಎತ್ತಿದ್ನಿ. ತಪ್ಪು ಮಾಡಿದ್ನಿ."

ಚಾಂದಿಬಾಯಿ ಗಂಡನ ಮುಖ ನೋಡಿದಳು, ಕಾಕಾನ ಮುಖ ನೋಡಿದಳು. ನನ್ನ ಕಡೆ ತಿರುಗಿ ಹೇಳಿದಳು, "ಈ ಒಂದ ಮಾತನ್ನ ಇವರು ನಮ್ಮ ಲಗ್ನ ಆದ ಮರುವರ್ಷದಿಂದ ಹೇಳಕೋತ ಬಂದಾರವಾ. ಬೆನ್ನು ಹತ್ತಿರಲಿಲ್ಲ ಹತ್ತಿರಲಿಲ್ಲ ಅಂತ. ಕೇಳಿ ಕೇಳಿ ನಮಗೂ ಸಾಕಾಗಿ, ನಾವು ನಕ್ಕಬಿಡ್ತಿದ್ವಿ. ಈಗೀಗ ಹೇಳೂದು ಬಿಟ್ಟಾರ."

ಭೀಮಸಿಂಗ್ ಹುಲ್ಲಿನ ಹಗ್ಗಕ್ಕೆ ಗಂಟು ಹಾಕಿದ. "ನೀವು ಮೂಡಣ ಕಡೆ ನಿಂತಿದ್ರಿ" ಎಂದ. "ನಾ ಎತ್ತಿ ಹಿಡದಿದ್ದು ಪಡುವಣ ಕಡೆ ಭುಜ." ಹಾಗೆಂದವನೇ ಕೈಯೊಳಗಿನ ಸಿವುಡು ಬಿಟ್ಟು, ಅಂಗಳದ ಮಣ್ಣಿನಲ್ಲಿ ಅಂಗಾತ ಮಲಗಿದ. ಒಂದು ಭುಜ ನೆಲಕ್ಕಿಟ್ಟು, ಹಿಮ್ಮಡಿ ಊರಿ, ಮೈ ತಿರುವಿ ಇನ್ನೊಂದು ಭುಜವನ್ನು ಎತ್ತಿ ಹಿಡಿದ. ಮೇಲೆ ಯಾರೂ ಇರಲಿಲ್ಲ. ಆದರೂ ಅವನ ಕುತ್ತಿಗೆಯ ನರ ಉಬ್ಬಿದ್ದವು.

ಇದರಿಂದ ಏನು ಸಾಬೀತಾಗುತ್ತದೆ ಎಂದು ನನಗೆ ಆಗಲೂ ಅನ್ನಿಸಿತು. ಇವತ್ತು ಎತ್ತಿದ ಭುಜ ಅಂದು ಎತ್ತಿದ್ದಕ್ಕೆ ಸಾಕ್ಷಿಯೇ? ಬಾಯಿ ತೆರೆಯುವ ಮೊದಲೇ ಕಾಕಾ ಚೊಂಬನ್ನು ನನ್ನ ಕೈಗೆ ಕೊಟ್ಟ. ಪಡುವಣ ಕಡೆಗೆ ನಡೆದ. ಒಂದು ಮೊಣಕಾಲು ಊರಿದ, ಇನ್ನೊಂದು ಊರಿದ, ಹೊಟ್ಟೆಯ ಮೇಲೆ ಮಲಗಿದ. ಪಟಗಾ ಕಳಚಿ ಬಿತ್ತು. ನೆಲಕ್ಕೆ ಕೆನ್ನೆ ಹಚ್ಚಿದ. ಭೀಮಸಿಂಗನ ಬೆನ್ನಿನ ಕೆಳಗೆ ಅಂಗೈ ತೂರಿಸಿದ. ಅಂಗೈ ಹೋಯಿತು. ಮಣಿಕಟ್ಟಿನವರೆಗೂ ಹೋಯಿತು.

"ಬೆನ್ನು ಹತ್ತಿಲ್ಲ!" ಎಂದು ಕೂಗಿದ. ಆ ಎದೆಯಲ್ಲಿ ಅಷ್ಟು ದನಿ ಉಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ಆಚೀಚೆ ಮನೆಯವರು ಹೊರಗೆ ಬಂದು ನೋಡಿದರು.

ಭೀಮಸಿಂಗ್ ಭುಜ ಇಳಿಸಲಿಲ್ಲ. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯುತ್ತಿತ್ತು. ಆಕಾಶ ನೋಡುತ್ತಲೇ ಕೇಳಿದ, "ಈಗರ ಏಳ್ಲೇನ್ರಿ ಪಂಚರ?"

"ಏಳಪಾ" ಎಂದ ಕಾಕಾ. "ಏಳು."

ಭೀಮಸಿಂಗ್ ಎದ್ದ. ಏಳಲಾಗದೆ ಉಳಿದವನು ಕಾಕಾ. ಭೀಮಸಿಂಗನೇ ಕಂಕುಳಿಗೆ ಕೈ ಹಾಕಿ ಅವನನ್ನು ಎತ್ತಿ ನಿಲ್ಲಿಸಿದ. ಎದೆಯಿಂದ ಮೊಣಕಾಲಿನವರೆಗೆ ಬಿಳಿ ಬಟ್ಟೆಯೆಲ್ಲ ಕೆಂಪಾಗಿತ್ತು. ಚಾಂದಿಬಾಯಿ ಸೆರಗಿನಿಂದ ಝಾಡಿಸಲು ಹೋದಳು. ಕಾಕಾ ಅವಳ ಕೈ ತಡೆದ.

"ಬ್ಯಾಡ ತಂಗಿ, ಇರ್ಲಿ. ಮನಿಗೆ ಹಿಂಗ ಹೋಗ್ತೇನಿ."