ಎಡಗಾಲು ಕಲಿತ ಪಾಠ

ಭತ್ತದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಮಲೆಬೆನ್ನೂರಿನಿಂದ ಹರಿಹರ ಸೇರುವ ಹೊತ್ತಿಗೆ ಕಾರಿನೊಳಗೆ ಸುಟ್ಟ ವಾಸನೆ ತುಂಬಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಮೊದಲ ಸಲ ಒಬ್ಬಳೇ ದೂರದ ದಾರಿ ಹಿಡಿದಿದ್ದೆ. ದಾವಣಗೆರೆಯಲ್ಲಿರುವ ತಮ್ಮ ಫೋನಿನಲ್ಲಿ, "ಕಾರು ಅಲ್ಲೇ ಬಿಟ್ಟು ಬಸ್ ಹತ್ತಕ್ಕಾ" ಎಂದ. ನಾನು ಗ್ಯಾರೇಜ್ ಹುಡುಕಿದೆ.

ಮೆಕ್ಯಾನಿಕ್ ದಾದಾಪೀರ್ ಬಾನೆಟ್ ಎತ್ತಲಿಲ್ಲ. ಬಗ್ಗಿ ಪೆಡಲುಗಳನ್ನು ನೋಡಿದರು. "ಬ್ರೇಕಿನ ರಬ್ಬರ್ ಹೊಸದಿದ್ದಂಗೈತೆ, ಕ್ಲಚ್ಚಿಂದು ಸವೆದು ನುಣ್ಣಗಾಗೈತೆ. ಕಾಲು ಯಾವಾಗ್ಲೂ ಇದರ ಮ್ಯಾಲೇ ಇಡ್ತೀರೇನಕ್ಕಾ?"

"ಇಂಜಿನ್ ಆಫ್ ಆದೀತು ಅಂತ ಹೆದರಿಕೆ ಕಣಣ್ಣ."

ಅವರು ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ಬಿಟ್ಟರು. ಇಂಜಿನ್ ಗಕ್ಕನೆ ನಿಂತಿತು. ನಾನು ಗಾಬರಿಯಾದರೆ ಅವರು ನಕ್ಕರು. "ಆಫ್ ಆತಲ್ರಿ, ಅದೇ ಚಲೋ. ಕ್ಲಚ್ ಪ್ಲೇಟ್ ಪೂರಾ ಸವೆದಿದ್ರೆ ಇಂಜಿನ್ ಓಡ್ತಾನೇ ಇರ್ತಿತ್ತು. ಇನ್ನೂ ಹಿಡೀತೈತೆ, ಈಗ್ಲೇ ಬದಲಿಸಾದು ಬ್ಯಾಡ. ಕಾಲಿಟ್ಟೇ ಓಡಿಸಿದ್ರೆ ಅದು ಉಜ್ಜಿ ಸುಟ್ಟ ವಾಸನೆ ಬರ್ತೈತೆ, ಗೇರ್ ಬಿದ್ದ ಮ್ಯಾಲೆ ಕಾಲು ತೆಗೀರಿ. ಏರಿನಾಗ ನಿಂತ್ರೆ ಹ್ಯಾಂಡ್‌ಬ್ರೇಕ್ ಹಾಕ್ರಿ, ಕ್ಲಚ್‌ನಾಗ ಗಾಡಿ ಹಿಡೀಬ್ಯಾಡ್ರಿ."

ವಾಸನೆ ಹೋದ ಮೇಲೆ ಹೊರಟೆ. ದಾವಣಗೆರೆಯ ರೈಲ್ವೆ ಕೆಳಸೇತುವೆಯ ಏರಿನಲ್ಲಿ ವಾಹನಗಳೆಲ್ಲ ನಿಂತವು. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ತಂದು, ಎಡಗಾಲನ್ನು ಪೆಡಲಿನಿಂದ ತೆಗೆದು ಕೆಳಗಿಟ್ಟೆ. ಮುಂದಿನ ಕಾರು ಕದಲಿತು. ಹೊರಡಲು ಹೋದರೆ ಇಂಜಿನ್ ಆಫ್! ಹಿಂದಿನ ಆಟೊಗಳೆಲ್ಲ ಹಾರ್ನ್ ಬಾರಿಸತೊಡಗಿದವು. ಕಿಟಕಿಯಿಂದ ಕೈ ಹೊರಹಾಕಿ, ಸ್ವಲ್ಪ ತಡೀರಿ ಎಂದು ಸನ್ನೆ ಮಾಡಿ, ಮತ್ತೆ ಕೀ ತಿರುಗಿಸಿದೆ. ಕಾರು ಒಂದು ಗೇಣೂ ಹಿಂದಕ್ಕೆ ಜಾರದೆ ಏರು ಹತ್ತಿತು.