ಹಗ್ಗದ ಮೇಲೆ ಸಹನಾ, ರಿಂಗಿನ ಮೇಲೆ ನನ್ನ ಬೆರಳು

ನನ್ನ ಮೊಮ್ಮಗಳು ಸಹನಾ ರಾಜ್ಯದ ಮಲ್ಲಕಂಬ ತಂಡಕ್ಕೆ ಆಯ್ಕೆಯಾಗಿದ್ದಾಳೆ! ಇವತ್ತು ಬೆಳಿಗ್ಗೆ ಖಬರು ಬಂತು. ಆಗಿನಿಂದ ಎದುರು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಹಾಲಿನವನಿಗಂತೂ ಎರಡು ಸಲ ಹೇಳಿದೆ. ಎಷ್ಟು ಹೇಳಿದರೂ ಮುಗಿಯದ್ದಕ್ಕೆ ಈಗ ಬರೆಯಲು ಕುಳಿತಿದ್ದೇನೆ.

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗ ಬಿಟ್ಟು ಕ್ಯಾಮೆರಾ ಹಿಡಿದು, ಲಕ್ಷ್ಮೇಶ್ವರದಲ್ಲಿ ಸ್ಟುಡಿಯೋ ಇಟ್ಟವನು. ಶಿರಹಟ್ಟಿ, ಸೊರಟೂರ, ಯಳವತ್ತಿ, ಎಲ್ಲೆಲ್ಲಿಯ ಮದುವೆಗಳ ವಿಡಿಯೋ ಮಾಡಿದೆನೋ ಲೆಕ್ಕವಿಲ್ಲ. ಈಗ ಸ್ಟುಡಿಯೋ ಮಗನ ಕೈಯಲ್ಲಿದೆ, ನನ್ನ ಪಾಲಿಗೆ ಒಂದು ಹಳೆಯ ಡಿಎಸ್‌ಎಲ್‌ಆರ್ ಉಳಿದಿದೆ. ಆದರೆ ನನ್ನ ಇಡೀ ಕಸುಬಿನಲ್ಲಿ ಮರೆಯಲಾಗದ ಶೂಟಿಂಗ್ ಎಂದರೆ ಕೆಲಸ ಬಿಟ್ಟ ಮೇಲೆ, ಹೋದ ತಿಂಗಳು, ಆ ಹಳೆಯ ಕ್ಯಾಮೆರಾದಲ್ಲೇ ಮಾಡಿದ್ದು.

ಆಯ್ಕೆಯ ದಿನ ಸಹನಾ ಜ್ವರ ಬಂದು ಮಲಗಿಬಿಟ್ಟಿದ್ದಳು. ಅವಳ ಕೋಚ್ ಫಕ್ಕೀರೇಶ ಮಾಸ್ತರರು ಆಯ್ಕೆ ಮಾಡುವವರ ಬೆನ್ನು ಬಿಡದೆ, ಅವಳು ಚೇತರಿಸಿಕೊಂಡ ಮೇಲೆ ಕೊನೆಗೆ ಒಂದು ಅವಕಾಶ ತಂದರು. ನಮಸ್ಕಾರದಿಂದ ನಮಸ್ಕಾರದವರೆಗೆ ಇಡೀ ಪ್ರದರ್ಶನವನ್ನು ಎಲ್ಲಿಯೂ ಕತ್ತರಿಸದೆ, ಒಂದೇ ಶಾಟಿನಲ್ಲಿ ತೆಗೆದು, ತೆಗೆದ ದಿನವೇ ಸಂಜೆಯೊಳಗೆ ಕಳಿಸಬೇಕು. ಕೈಕಾಲಿನ ಹಿಡಿತ ಸ್ಪಷ್ಟ ಕಾಣಬೇಕು. ಸಹನಾಳದು ಹಗ್ಗದ ಮಲ್ಲಕಂಬ. ಮೇಲಿನಿಂದ ಇಳಿಬಿಟ್ಟ ಹತ್ತಿಯ ಹಗ್ಗವನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದು ಏರಿ, ಅದರ ಮೇಲೆಯೇ ಆಸನ ಹಾಕಬೇಕು. ಮಗ ಹೊಸ ಕ್ಯಾಮೆರಾ ತೆಗೆದುಕೊಂಡು ಮುಂಡರಗಿಯ ಮದುವೆಗೆ ಹೋಗಿದ್ದ. ಅಭ್ಯಾಸದ ಅಂಗಳದಲ್ಲಿ ನಾನೇ ಹಳೆಯ ಕ್ಯಾಮೆರಾ ಇಟ್ಟು ನಿಂತೆ.

ಮೊದಲ ಸಲ ಮದುವೆಯ ರೂಢಿಯಲ್ಲೇ ಶುರು ಮಾಡಿದೆ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿ, ಅಗಲ ತೆರೆದರೆ ಹಿಂದಿನದು ಮಸುಕಾಗಿ ಮದುಮಗಳ ಮುಖ ಎದ್ದು ಕಾಣುತ್ತದೆ. ಆಟೋಫೋಕಸ್ ತಾನೇ ಆ ಮುಖವನ್ನು ಹುಡುಕಿಕೊಳ್ಳುತ್ತದೆ. ಆದರೆ ಮದುಮಗಳು ತಲೆಕೆಳಗಾಗಿ ತೂಗಾಡುವುದಿಲ್ಲವಲ್ಲ! ಸಹನಾ ತಿರುವುಮುರುವಾದ ಕೂಡಲೇ ಕ್ಯಾಮೆರಾಕ್ಕೆ ಮುಖ ಸಿಗದೆ, ಹಿಂದೆ ಮುಂದೆ ತಡಕಾಡಿ, ಕೊನೆಗೆ ಹಿಂದಿನ ಗೋಡೆಗೆ ಹೋಗಿ ಅಂಟಿಕೊಂಡಿತು.

ಮಾಸ್ತರರು ಸ್ಕ್ರೀನ್ ನೋಡಿದರು. "ಕಾಕಾ, ಗ್ವಾಡಿ ಭಾಳ ಚಂದ ಬಂದೈತಿ ಬಿಡ್ರಿ. ಅದನ್ನ ಸೆಲೆಕ್ಟ್ ಮಾಡ್ತಾರ."

ಸಹನಾ ನಗಲಿಲ್ಲ. ನನ್ನ ಮುಂದೆ ಅಂಗೈ ಬಿಚ್ಚಿದಳು. ಹಗ್ಗ ಉಜ್ಜಿ ಗುಳ್ಳೆ ಎದ್ದಿದ್ದವು. "ಅಜ್ಜಾ, ಇನ್ನ ಒಂದ ಸಲ ಮಾಡ್ತೀನಿ. ಆಮ್ಯಾಲ ಹಗ್ಗ ಹಿಡಿಯಾಕ ಆಗಂಗಿಲ್ಲ ನೋಡು."

"ಒಂದ ಸಲ ಸಾಕವಾ. ಸ್ವಲ್ಪ ಹೊತ್ತು ಕುಂಡ್ರು," ಎಂದೆ. ಮಾತು ಗಟ್ಟಿ ಬಂತು. ಒಳಗೆ ನನಗೇ ಅಷ್ಟು ನಂಬಿಕೆ ಇರಲಿಲ್ಲ.

ಲೆನ್ಸಿನ ಗುಂಡಿಯನ್ನು ಮ್ಯಾನುಯಲ್‌ಗೆ ತಳ್ಳಿದೆ. ಇನ್ನು ಫೋಕಸ್ ಕ್ಯಾಮೆರಾದ್ದಲ್ಲ, ನನ್ನದು. ಮಾಸ್ತರರಿಂದ ಹಗ್ಗ ತೂಗಿಸಿ ನೋಡಿದೆ: ಅದು ನನ್ನ ಕಡೆ ಬಂದು ಹಿಂದೆ ಹೋಗುತ್ತಿತ್ತು. ಹಾಗೆ ತೂಗಿದರೆ ದೂರ ಬದಲಾಗುತ್ತಲೇ ಇರುತ್ತದೆ, ಫೋಕಸ್ ನಿಲ್ಲುವುದೆಲ್ಲಿ? ಟ್ರೈಪಾಡ್ ಎತ್ತಿ ಪಕ್ಕಕ್ಕೆ ಇಟ್ಟೆ. ಈಗ ಹಗ್ಗ ಎಡಕ್ಕೂ ಬಲಕ್ಕೂ ತೂಗುತ್ತಿತ್ತು, ದೂರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಅಪರ್ಚರನ್ನು ಕಿರಿದು ಮಾಡಿದೆ. ಇದರಿಂದ ಹಗ್ಗದ ಒಂದಿಷ್ಟು ಹಿಂದೆ ಮುಂದೆಯೂ ಸ್ಪಷ್ಟ ಬರುತ್ತದೆ. ಸ್ಕ್ರೀನಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ, ಹಗ್ಗದ ಹುರಿ ಎಳೆ ಎಳೆಯಾಗಿ ಕಾಣುವ ತನಕ ಫೋಕಸ್ ರಿಂಗ್ ತಿರುಗಿಸಿದೆ.

ಒಂದು ತೊಡಕು ಉಳಿಯಿತು. ನಮಸ್ಕಾರ ಮಾಡುವ ಜಾಗ ಹಗ್ಗಕ್ಕಿಂತ ನನಗೆ ಬಹಳ ಸಮೀಪ. ಆ ಎರಡು ಜಾಗಗಳಿಗೆ ರಿಂಗಿನ ಮೇಲೆ ಎರಡು ಗುರುತು ಬೇಕು. ಬುತ್ತಿ ತಂದಿದ್ದ ನನ್ನ ಹೆಂಡತಿ ಗಂಗವ್ವನನ್ನು ಕೇಳಿದೆ: "ನಿನ್ನ ಚೀಲದಾಗ ಟಿಕಳಿ ಪಾಕೀಟ ಐತೇನು?"

"ಈ ವಯಸ್ಸಿನ್ಯಾಗ ನಿಮಗ್ಯಾಕ್ರಿ ಟಿಕಳಿ?" ಎನ್ನುತ್ತಲೇ ತೆಗೆದುಕೊಟ್ಟಳು. ಹಣೆಗೆ ಅಂಟಿಸುವ ಆ ಬಿಂದಿಗಳಲ್ಲಿ ನಮಸ್ಕಾರದ ಜಾಗಕ್ಕೆ ಕೆಂಪು, ಹಗ್ಗಕ್ಕೆ ಹಸಿರು ಅಂಟಿಸಿದೆ. ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ, ಬೆರಳಿಗೆ ರೂಢಿಯಾಗುವ ತನಕ ತಿರುಗಿಸಿದೆ.

ಸಹನಾ ಎದ್ದು ಬಂದು ನಮಸ್ಕಾರ ಮಾಡಿ ಹಗ್ಗದ ಕಡೆ ನಡೆದಳು. ಅವಳ ಹೆಜ್ಜೆಯ ಜೊತೆಗೇ ರಿಂಗನ್ನು ಹಸಿರಿಗೆ ತಂದು ನಿಲ್ಲಿಸಿದೆ. ಅವಳು ಸರಸರ ಏರಿದಳು. ಅಷ್ಟರಲ್ಲಿ ಬಿಸಿಲು ಸ್ಕ್ರೀನಿನ ಮೇಲೆ ಬಿದ್ದು ಏನೂ ಕಾಣದಂತಾಯಿತು. ಮೇಲೆ ಹುಡುಗಿ ತಲೆಕೆಳಗಾಗಿ, ಒಂದು ಕೈ ಬಿಟ್ಟು ಚಾಚಿದ್ದಳು.

"ಕಾಕಾ, ಮಸಕ ಆತೇನ್ ನೋಡ್ರಿ!" ಎಂದು ಮಾಸ್ತರರು ಪಿಸುಗುಟ್ಟಿದರು.

ಹಗ್ಗ ಗಕ್ಕನೆ ಜಗ್ಗಿತು. ಗಂಗವ್ವ "ಅಯ್ಯ ನನ್ನ ಕೂಸ!" ಎಂದಳು. ನನ್ನ ಬೆರಳು ರಿಂಗಿನ ಮೇಲೆ ತುಡಿಯಿತು. ಒಂದು ಕೂದಲೆಳೆ ತಿರುಗಿಸಿ ನೋಡೋಣವೇ? ಇಲ್ಲ. ಹಗ್ಗ ಎಲ್ಲಿಯೂ ಹೋಗಿಲ್ಲ, ನೋಡಿ ಅಳೆದು ಇಟ್ಟದ್ದು. ಓಡಿಹೋಗಿ ಅವಳ ಕೆಳಗೆ ಕೈಯೊಡ್ಡಿ ನಿಲ್ಲಬೇಕೆನಿಸಿತು; ಅದನ್ನೂ ಮಾಡಲಿಲ್ಲ. ಹಸಿರು ಟಿಕಳಿಯ ಮೇಲೆ ಕಣ್ಣಿಟ್ಟು ಕಲ್ಲಿನಂತೆ ನಿಂತೆ. ಅವಳೂ ಹಿಡಿತ ಬಿಡಲಿಲ್ಲ. ಕೊನೆಗೆ ಇಳಿದಳು, ನನ್ನ ಕಡೆ ನಡೆದಳು, ರಿಂಗ್ ಕೆಂಪಿಗೆ ಬಂದು ನಿಲ್ಲುವುದಕ್ಕೂ ಅವಳು ಕೈ ಜೋಡಿಸುವುದಕ್ಕೂ ಸರಿಹೋಯಿತು.

ಸ್ಕ್ರೀನಿಗೆ ಬಿಸಿಲು ಬೀಳದಂತೆ ತಲೆಯ ಮೇಲೆ ಟವೆಲ್ ಹೊದ್ದು ಎಲ್ಲರೂ ನೋಡಿದೆವು. ಚಾಚಿದ ಅಂಗೈಯ ಗುಳ್ಳೆ ಕೂಡ ಸ್ಪಷ್ಟವಾಗಿತ್ತು. ಮಾಸ್ತರರು ನನ್ನ ಬೆನ್ನು ತಟ್ಟಿ, "ಈ ಸಲ ಗ್ವಾಡಿ ಫೇಲ್, ಕಾಕಾ!" ಎಂದರು. ಆಗ ಸಹನಾ ನಕ್ಕಳು. ಸಂಜೆಯಾಗುವ ಮೊದಲೇ ವಿಡಿಯೋ ಕಳಿಸಿದೆವು.

ಓಡುವುದರ ಬೆನ್ನು ಹತ್ತುವ ಮೊದಲು ಅದು ಎಲ್ಲಿಗೆ ಬರುತ್ತದೆಂದು ನೋಡಿಟ್ಟುಕೊಳ್ಳಬೇಕು. ನೋಡಿಟ್ಟುಕೊಂಡ ಮೇಲೆ, ಯಾರು ಏನೇ ಕೂಗಲಿ, ಕೈ ಸುಮ್ಮನಿರಬೇಕು. ಅಷ್ಟು ಮದುವೆಗಳಲ್ಲಿ ಕಲಿಯದ್ದನ್ನು ಕಸುಬು ನನಗೆ ಈ ವಯಸ್ಸಿನಲ್ಲಿ ಕಲಿಸಿತು.

ಇವತ್ತು ಸಂಜೆ ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕುಳಿತೆವು. ಮಾಸ್ತರರೂ ಬಂದಿದ್ದರು. ರೊಟ್ಟಿ, ಎಣ್ಣೆಗಾಯಿ, ಮೇಲೆ ತುಪ್ಪ ಸುರಿದ ಸಿಹಿ ಮಾದಲಿ.

"ಅಜ್ಜಾ, ಅವತ್ತು ಮ್ಯಾಲ ನಾ ಹೆಂಗ ಕಾಣ್ತಿದ್ನಿ?" ಎಂದು ಸಹನಾ ಕೇಳಿದಳು.

"ನಾ ಕಣ್ಣತುಂಬ ಎಲ್ಲಿ ನೋಡೀನವಾ? ಕೆಲಸದಾಗಿದ್ದೆ."

"ಹಂಗಾರ ಮುಂದಿನ ಪಂದ್ಯಕ್ಕ ಕ್ಯಾಮೆರಾ ಮನ್ಯಾಗ ಇಟ್ಟ ಬಾ. ಮುಂದಿನ ಸಾಲಿನ್ಯಾಗ ಕುಂತು ನನ್ನ ಅಷ್ಟ ನೋಡು."

ಹೂಂ ಎಂದು ಟವೆಲಿನಿಂದ ಕಣ್ಣೊರೆಸಿಕೊಂಡೆ. "ಮೊದಲ ಉಣ್ರಿ, ಆಮ್ಯಾಲ ಅಳೂದು," ಎಂದು ಗಂಗವ್ವ ನನ್ನ ತಾಟಿಗೆ ಇನ್ನಷ್ಟು ಮಾದಲಿ ಬಡಿಸಿದಳು. ಎಲ್ಲರೂ ನಕ್ಕರು. ನಾನೂ ನಗುತ್ತಲೇ ಉಂಡೆ.