ಹೆದೆಬಡಿತ

ಭಾನುವಾರ ಬೆಳಿಗ್ಗೆ ಮಕ್ಕಳ ಅಸೈನ್‌ಮೆಂಟುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಮಕ್ಕಳೆಂದರೆ ಹೊಟ್ಟೆಯಲ್ಲಿ ಹುಟ್ಟಿದವರಲ್ಲ, ಕಾಲೇಜಿನವರು. ಚಾಮರಾಜನಗರದಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ ನಾನು. ಅತಿಥಿಯಾಗಿ ಬಂದು ಎಷ್ಟೋ ವರ್ಷವಾಯಿತು, ಇನ್ನೂ ಯಾರೂ ಮನೆಯವಳು ಅಂದಿಲ್ಲ. ಅದಿರಲಿ. ಪುಣಜನೂರಿನ ಕಡೆಯಿಂದ ಬರುವ ಹುಡುಗಿಯೊಬ್ಬಳ ಹಾಳೆ ಕೈಗೆ ಬಂತು. ಲೆಕ್ಕ ಒಂದೂ ತಪ್ಪಿಲ್ಲ. ಆದರೆ 'ಹಂಚಿಕೆ' ಎಂದು ಬರೆಯಬೇಕಾದ ಕಡೆಯೆಲ್ಲ 'ಅಂಚಿಕೆ'. ಕೆಂಪು ಪೆನ್ನು ಸುತ್ತು ಹಾಕುತ್ತಾ ಹಾಕುತ್ತಾ ಕೊನೆಗೆ ಪಕ್ಕದಲ್ಲಿ ತಾನೇ ಬರೆಯಿತು: 'ಇದು ಯಾರದ್ದು ನೋಡಿ ಬರೆದದ್ದು?'

ಪೆನ್ನು ಬರೆಯಿತು ಅನ್ನುತ್ತೇನೆ ನೋಡಿ, ನನ್ನ ಬುದ್ಧಿ! ಬರೆದವಳು ನಾನೇ. ಬರೆದ ಮೇಲೆ ಕಿವಿ ಬಿಸಿಯಾಯಿತು, ಮುಂದಿದ್ದ ಕಾಫಿ ಸೇರಲಿಲ್ಲ. ಯಾಕೆ ಅಂತ ನಿಮಗೆ ಹೇಳಿಬಿಡುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ಗುಂಡ್ಲುಪೇಟೆಯ ಗೊಬ್ಬರದ ಅಂಗಡಿಯವರ ಮಗಳು. ನಮ್ಮ ಸೀಮೆಯಲ್ಲಿ ಹಕಾರಕ್ಕೆ ಅಂಥ ಮರ್ಯಾದೆಯೇನಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹೋಗುವವರೆಲ್ಲ ಓಗುತ್ತಾರೆ. ನಮ್ಮಜ್ಜಿ ಜೀವಮಾನವಿಡೀ ಒಂದು ಹಕಾರವನ್ನೂ ಬಳಸದೆ ಸುಖವಾಗಿ ಬಾಳಿದವರು. ಆದರೆ ನನ್ನನ್ನು ಸೇರಿಸಿದ್ದ ಶಾಲೆಯಲ್ಲಿ ಒಬ್ಬ ಟೀಚರು ನಮ್ಮ ಬಾಯಿ ಮುಂದೆ ಕಾಗದದ ಚೂರು ಹಿಡಿದು 'ಹ' ಅನ್ನಿಸುತ್ತಿದ್ದರು. ಕಾಗದ ಅಲುಗಿದರೆ ಪಾಸು. ನನಗೆ ಹಕಾರದ ಜಂಬ ಹತ್ತಿದ್ದು ಅಲ್ಲಿ. ಮನೆಗೆ ಬಂದ ನೆಂಟರನ್ನೂ ಬಿಡದೆ ತಿದ್ದುತ್ತಿದ್ದೆ. ಒಂದು ಸಲ ಸೋದರಮಾವ ರೇಗಿ, "ನಿನ್ ಅಕಾರ ನೀನೇ ಮಡೀಕೊ ಕಣಮ್ಮಿ, ನಂಗೊಂದ್ ಲೋಟ ಟೀ ತಕಬಾ" ಅಂದುಬಿಟ್ಟರು.

ಡಿಗ್ರಿಗೆ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ತೆರಕಣಾಂಬಿಯಲ್ಲಿ ನಾಗಮಣಿ ಹತ್ತುತ್ತಿದ್ದಳು. ಅವಳಿಗೆಂದು ನಾನು ಪಕ್ಕದ ಸೀಟಿಗೆ ಬ್ಯಾಗು ಹಾಕಿರುತ್ತಿದ್ದೆ. ಅವಳ ಅವ್ವ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗುವವರು. ನಾವಿಬ್ಬರೂ ಒಂದೇ ಕ್ಲಾಸು, ಕನ್ನಡ, ಸಂಖ್ಯಾಶಾಸ್ತ್ರ, ಮಾನವ ಜೀವಶಾಸ್ತ್ರ ಮೂರಕ್ಕೂ ಅಸೈನ್‌ಮೆಂಟು. ಲೆಕ್ಕ ಅಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಬರವಣಿಗೆ ಅಂದರೆ ಮಾತ್ರ ಜ್ವರ. ಕನ್ನಡದ ಅಸೈನ್‌ಮೆಂಟಿನಲ್ಲಿ ಹಕ್ಕಿಯನ್ನು ಅಕ್ಕಿ ಮಾಡಿ ಬೈಸಿಕೊಂಡ ಮೇಲೆ, ಬೇಡದ ಕಡೆಯೂ ಹ ಸೇರಿಸಲು ಶುರುಮಾಡಿದಳು. ಎಲೆ ಹೆಲೆಯಾಯಿತು, ಎದೆ ಹೆದೆಯಾಯಿತು.

"ಕಮ್ಮಿ ಆದ್ರೆ ಬೈತಾರೆ ಕಣಮ್ಮಿ. ಅದ್ಕೆ ಒಂದೆಲ್ಡು ಎಚ್ಗೇ ಆಕ್ಬುಡ್ತೀನಿ," ಎಂದು ನಗುತ್ತಿದ್ದಳು.

ಹೆದೆ ಅಂದರೆ ಬಿಲ್ಲಿಗೆ ಕಟ್ಟುವ ದಾರ ಕಣೇ ಎಂದು ನಾನು ಪಂಡಿತಳ ಹಾಗೆ ತಿದ್ದಿದೆ.

"ಬುಡು. ಬಿಲ್ಲು ಯಾರ್ ತಾವದೆ ಇಲ್ಲಿ? ಎದೆ ಎಲ್ಲಾರ್ ತಾವೂ ಅದೆ. ಓದೋರ್ಗೆ ಗೊತ್ತಾಯ್ತದೆ."

ಆ ವರ್ಷ ಜೀವಶಾಸ್ತ್ರಕ್ಕೆ ಹನ್ನೆರಡು ಜನರ ಎದೆಬಡಿತ ಎಣಿಸಬೇಕಿತ್ತು. ಸುಮ್ಮನೆ ಕೂತಾಗ ಎಷ್ಟು, ಕೆಲಸ ಮಾಡಿದ ಮೇಲೆ ಎಷ್ಟು ಅಂತ. ಅದೇ ಅಂಕಿಗಳಿಂದ ಸಂಖ್ಯಾಶಾಸ್ತ್ರಕ್ಕೆ ಸರಾಸರಿ ತೆಗೆದು ಕೊಡಬೇಕಿತ್ತು. ನಾಗಮಣಿ ಎರಡು ದಿನ ಅವ್ವನ ಜೊತೆ ಹೊಲಕ್ಕೆ ಹೋಗಿ, ಹೂ ಕೊಯ್ಯುವ ಹನ್ನೆರಡು ಹೆಂಗಸರ ಮಣಿಕಟ್ಟು ಹಿಡಿದು, ಮೊಬೈಲಿನ ಗಡಿಯಾರ ನೋಡಿಕೊಂಡು ಎಣಿಸಿ ಬಂದಳು. ನಾನು ಆ ಎರಡು ದಿನ ಸೋದರತ್ತೆಯ ಮಗಳ ಮದುವೆಯಲ್ಲಿ ಕೈಗೆ ಮೆಹಂದಿ ಹಚ್ಚಿಸಿಕೊಂಡು ಒಣಗಿಸುತ್ತಾ ಕೂತಿದ್ದೆ.

"ಹೇಗೆ ಬರೆದಿದ್ದೀಯ, ಕೊಡೇ ನೋಡೋಣ" ಎಂದು ಅವಳ ಪುಸ್ತಕ ಇಸಕೊಂಡೆ. ನೋಡುವುದೇನು ಬಂತು, ಮನೆಗೆ ತಂದು ಪೂರ್ತಿ ಇಳಿಸಿಕೊಂಡೆ. ಹಾಳೆಯ ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಳ್ಳಿ ಬರೆದದ್ದು ನನ್ನ ಸ್ವಂತದ ಕೆಲಸ. ಇನ್ನೊಂದು, ಭಾಷೆ ತಿದ್ದಿದೆ. ಹೆದೆಬಡಿತವನ್ನು ಎದೆಬಡಿತ ಮಾಡಿದೆ, ಮಾದೇವಮ್ಮನನ್ನು ಮಹದೇವಮ್ಮ ಮಾಡಿದೆ. ಒಬ್ಬಾಕೆಯದು ಕೂತಲ್ಲೇ ನೂರನಾಲ್ಕು ಇತ್ತು. ಸರಾಸರಿ ಅಂದಗೆಡುತ್ತದೆಂದು ಅದನ್ನು ಎಂಬತ್ತನಾಲ್ಕಕ್ಕೆ ಇಳಿಸಿದೆ. ಆಕೆಗೆ ಆವತ್ತು ಜ್ವರವಿತ್ತಂತೆ. ನಾಗಮಣಿ ಮೂರು ಸಲ ಎಣಿಸಿ ನೋಡಿ, ಕೆಲಸ ಬಿಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳಂತೆ. ನನ್ನ ಹಾಳೆಯಲ್ಲಿ ಆಕೆ ಕಲ್ಲುಗುಂಡಿನಂತೆ ಇದ್ದರು.

ವಾರ ಕಳೆದು ಜೀವಶಾಸ್ತ್ರದ ಮೇಷ್ಟ್ರು ಎರಡೂ ಪುಸ್ತಕ ಹಿಡಿದು ಕ್ಲಾಸಿಗೆ ಬಂದರು. ನಮ್ಮಿಬ್ಬರನ್ನೂ ನಿಲ್ಲಿಸಿದರು.

"ಒಂದು ಬಿಟ್ಟು ಎಲ್ಲ ಅಂಕಿನೂ ಒಂದೇ. ಯಾರು ಯಾರದ್ದು ಕಾಪಿ ಹೊಡೆದದ್ದು?"

"ನಾನೇ ಎಣಿಸಿದ್ದು ಸಾ," ಅಂದಳು ನಾಗಮಣಿ. ನಾನು ಬಾಯಿ ಬಿಡಲಿಲ್ಲ.

ಮೇಷ್ಟ್ರು ಅವಳ ಪುಸ್ತಕ ಬಿಡಿಸಿ ಒಂದೊಂದೇ ಅಕ್ಷರ ಎತ್ತಿ ಓದಿದರು. "ಹೆ, ದೆ, ಬ, ಡಿ, ತ. ಎದೆ ಅಂತ ಬರೆಯೋಕೆ ಬರಲ್ಲ, ಇವಳು ಎದೆಬಡಿತ ಎಣಿಸಿದಳಂತೆ! ನೋಡ್ಕೊಂಡು ಬರೆಯೋಕೂ ಬರಲಿಲ್ಲವೇನಮ್ಮ ನಿನಗೆ?"

ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಇದೊಂದನ್ನು ನಿಮಗೆ ಹೇಳದೆ ಬಿಡಬಹುದಿತ್ತು. ಆದರೆ ನಕ್ಕದ್ದು ನಿಜ, ಹಲ್ಲು ಕಾಣುವ ಹಾಗೆ ನಕ್ಕೆ. ನಾಗಮಣಿ ನನ್ನ ಕಡೆ ಒಂದು ಸಲ ನೋಡಿ ಕೂತಳು. ಥೂ, ನನ್ನ ಜನ್ಮಕ್ಕಿಷ್ಟು!

ಅವಳಿಗೆ ಎರಡೂ ವಿಷಯದಲ್ಲಿ ಸೊನ್ನೆ ಹಾಕಿದರು, ನನಗೆ ಹತ್ತಕ್ಕೆ ಒಂಬತ್ತು. ಮಾರನೆಯ ದಿನದಿಂದ ನಾನು ಒಂದು ಗಂಟೆ ಮುಂಚಿನ ಬಸ್ಸು ಹಿಡಿದೆ. ಮನೆಯಲ್ಲಿ ಸ್ಪೆಷಲ್ ಕ್ಲಾಸು ಅಂತ ಹೇಳಿದ್ದೆ. ಅಸೈನ್‌ಮೆಂಟಿನ ಅಂಕ ಸೇರದೆ ಅವಳು ಪರೀಕ್ಷೆಯಲ್ಲಿ ಆ ಎರಡರಲ್ಲೂ ನಪಾಸಾದಳು, ಮುಂದಿನ ವರ್ಷ ಕಾಲೇಜಿಗೆ ಬರಲೇ ಇಲ್ಲ. ಈಗ ತೆರಕಣಾಂಬಿಯಲ್ಲಿ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯುಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದನ್ನು ಎಷ್ಟೋ ಸಲ ಕಿಟಕಿಯಿಂದ ನೋಡಿದ್ದೇನೆ. ನೋಡಿದ ತಕ್ಷಣ ಮೊಬೈಲಿನ ಮೇಲೆ ತಲೆ ಬಗ್ಗಿಸುತ್ತೇನೆ.

ಇವತ್ತು ಆ ಕೆಂಪು ಸಾಲು ಬರೆದ ಮೇಲೆ ಮಾತ್ರ ತಡೆಯಲಾಗಲಿಲ್ಲ. ಅವಳ ಊರಿನ ವಿದ್ಯಾರ್ಥಿನಿಯೊಬ್ಬಳಿಂದ ನಂಬರು ಇಸಕೊಂಡು ಫೋನು ಮಾಡಿದೆ. ಯಾರು, ಏನು ಎಂದು ಹೇಳಿ, "ಆವತ್ತು ಕಾಪಿ ಹೊಡೆದದ್ದು ನಾನು ನಾಗಮಣಿ" ಅಂದೆ.

"ಇದೇನಮ್ಮಿ ಒಸಾ ಇಸ್ಯ! ನಂಗ್ ಗೊತ್ತಿಲ್ವಾ?" ಅಂದಳು. ಆಮೇಲೆ ಹೇಳಿದಳು: "ನಾಳೆ ಏಳ್ತಾಳೆ, ನಾಳೆ ಏಳ್ತಾಳೆ ಅಂತ ಆ ವರ್ಸವೆಲ್ಲ ಕಾದೆ ಕಣಮ್ಮಿ. ಸೊನ್ನೆ ಕೊಟ್ಟುದ್ಕಲ್ಲ. ಆ ಎಂಗಸ್ರೆಲ್ಲ ಕೇಳೋರು, ನಮ್ ಕೈ ಇಡ್ಕಂಡು ಎಣ್ಸಿದ್ದು ಸುಳ್ಳಾ ಅಂತ. ಏನಂತ ಏಳ್ಲಿ?"

ನನಗೆ ಅಳು ಬಂತು. ತಪ್ಪಾಯಿತು, ತಪ್ಪಾಯಿತು ಎಂದು ಅದನ್ನೇ ಅಂದೆ.

"ಅಳ್ಬ್ಯಾಡ ಬುಡು. ನಂಗ್ ಏಳಿ ಏನ್ ಬಂತು? ಗೊತ್ತಿಲ್ದೋರ್ಗೆ ಏಳು."

"ಬರೀತೀನಿ. ಎಲ್ಲರೂ ಓದೋ ಹಾಗೆ ಬರೀತೀನಿ. ನಿನ್ನ ಹೆಸರು ಹಾಕಲಾ?"

"ಆಕು, ನಂಗೇನ್ ನಾಚ್ಕೆ?" ಅಂದಳು. "ನಿನ್ ಎಸ್ರೂ ಆಕು."

ಪುಣಜನೂರಿನ ಹುಡುಗಿಯ ಹಾಳೆಯಲ್ಲಿ ಬರೆದಿದ್ದನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟೆ. ಹೊಡೆದುಹಾಕಿದರೂ ಅಕ್ಷರ ಕಾಣುತ್ತದೆ, ನಾಳೆ ಅವಳನ್ನು ಕರೆದು ತಪ್ಪಾಯಿತು ಅನ್ನಬೇಕು. ಆಮೇಲೆ ಇದನ್ನು ಬರೆಯಲು ಕೂತೆ. ಮುಗಿಸಿ ಈಗ ಮೊದಲಿಂದ ಓದಿ ನೋಡಿದೆ. ನಾಗಮಣಿಯ ಹೆಸರು ಊರಿನ ಸಮೇತ ಬಂದಿದೆ. ನನ್ನ ಹೆಸರು ಒಂದು ಕಡೆಯೂ ಇಲ್ಲ.